ಗಣಿತವೂ ಮುಖ್ಯ ವಿಷಯವಾಗಲಿ

ಪದವಿ ಪ್ರವೇಶದ ದಿನಗಳು ಬಂದರೆ ಬಸವೇಶ್ವರನಗರ, ವಿಜಯನಗರದ ನಮ್ಮ ಮನೆಗಳಲ್ಲಿ ಒಂದೇ ಮಾತು: ಬಿ.ಕಾಂ. ಸಿಕ್ಕಿತೇ, ಬಿ.ಸಿ.ಎ. ಸಿಕ್ಕಿತೇ? ಅಂಕ ಹೆಚ್ಚಿದ್ದವರು ಎಂಜಿನಿಯರಿಂಗ್‌ಗೆ ಹೋಗುತ್ತಾರೆ. ಉಳಿದವರಲ್ಲಿ ಯಾರಾದರೂ ಅರ್ಥಶಾಸ್ತ್ರದ ಜೊತೆಗೋ ಕಂಪ್ಯೂಟರ್ ವಿಜ್ಞಾನದ ಜೊತೆಗೋ ಗಣಿತವನ್ನೂ ಮುಖ್ಯ ವಿಷಯವಾಗಿ ಓದುತ್ತೇನೆ ಎಂದರೆ ಮನೆಯವರು ಹೌಹಾರುತ್ತಾರೆ. ಹೆಣ್ಣುಮಕ್ಕಳಾದರೆ ಹೇಳುವುದೇ ಬೇಡ. "ಒಂದು ವಿಷಯ ಪಾಸಾದರೆ ಸಾಕಮ್ಮ, ಆ ಕಷ್ಟ ನಿನಗೇಕೆ?" ಎಂಬ ಉಪದೇಶ ಸಿದ್ಧವಾಗಿರುತ್ತದೆ. ನಾನು ರಾಜಾಜಿನಗರದಲ್ಲಿ ಬಹುಕಾಲ ಗಣಿತ ಪಾಠ ಹೇಳಿದವನು. ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದ್ದೇ ಇದೆ. ಆದರೂ ಈ ಉಪದೇಶ ತಪ್ಪು ಎಂದು ನಮ್ಮ ಸಮಾಜದ ಮುಂದೆ ಹೇಳಬೇಕಾಗಿದೆ.

ನಡೆದಾಡುವ ದೇವರೆಂದು ನಾವು ಕರೆಯುವ ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಸ್ವಾಮಿಗಳು 1927ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದಾಗ ಆರಿಸಿಕೊಂಡದ್ದು ಏನು ಗೊತ್ತೇ? ಕಲಾ ವಿಭಾಗ, ಅದರಲ್ಲಿ ಐಚ್ಛಿಕ ವಿಷಯಗಳು ಭೌತಶಾಸ್ತ್ರ ಮತ್ತು ಗಣಿತ. ಕಲೆ ಬೇರೆ, ಲೆಕ್ಕ ಬೇರೆ ಎಂಬ ಗೋಡೆ ಅಂದು ಇಷ್ಟು ಎತ್ತರ ಇರಲಿಲ್ಲ. 1930ರಲ್ಲಿ ಅವರು ಮಠದ ಉತ್ತರಾಧಿಕಾರಿಯಾಗಿ ಆಯ್ಕೆಯಾದರು, ಅವರ ದಾರಿ ಬದಲಾಯಿತು. ಸಂಸ್ಕೃತ, ಕನ್ನಡ, ಇಂಗ್ಲಿಷಿನಲ್ಲಿ ಪಾಂಡಿತ್ಯವಿದ್ದ ಅವರ ತ್ರಿವಿಧ ದಾಸೋಹವನ್ನು ಕೊಂಡಾಡುವ ನಾವು, ಅವರು ಗಣಿತದ ವಿದ್ಯಾರ್ಥಿಯಾಗಿದ್ದರು ಎಂಬುದನ್ನು ಮಾತ್ರ ನೆನೆಯುವುದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ, ಬಸವಣ್ಣನವರು ಮಂಗಳವೇಡೆಯಲ್ಲಿ ಕರಣಿಕರಾಗಿ ಲೆಕ್ಕ ಬರೆದು, ಮುಂದೆ ಬಿಜ್ಜಳನ ಭಂಡಾರಿಯಾದರು ಎಂದು ನಮ್ಮ ಪರಂಪರೆ ಹೇಳುತ್ತದೆ. ಅದೇ 12ನೆಯ ಶತಮಾನದಲ್ಲಿ ರಾಜಾದಿತ್ಯ ಎಂಬ ಜೈನ ಕವಿ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಗ್ರಂಥಗಳನ್ನು ಕನ್ನಡದಲ್ಲೇ ಬರೆದ. ಶರಣರು ಅನುಭಾವವನ್ನು ಜನರ ಭಾಷೆಗೆ ತಂದ ಕಾಲದಲ್ಲೇ ಲೆಕ್ಕವೂ ಜನರ ಭಾಷೆಗೆ ಬರುತ್ತಿತ್ತು. ರಾಜಾದಿತ್ಯನನ್ನು ಇಂದು ಸರಿಯಾಗಿ ಓದಬೇಕಾದರೆ ಹಳಗನ್ನಡವೂ ಬೇಕು, ಗಣಿತವೂ ಬೇಕು. ಕನ್ನಡ ಎಂ.ಎ. ಮಾಡಿದವರು ಸೂತ್ರ ಬಂದಲ್ಲಿ ನಿಲ್ಲುತ್ತಾರೆ, ಗಣಿತದವರು ಕಂದಪದ್ಯ ಬಂದಲ್ಲಿ ನಿಲ್ಲುತ್ತಾರೆ.

ಈಗ ಅವಕಾಶದ ಮಾತು. 2021ರಲ್ಲಿ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಯಾದಾಗ ಎರಡು ವಿಷಯಗಳನ್ನು ಮುಖ್ಯವಾಗಿ ಓದುವ 'ಡಬಲ್ ಮೇಜರ್' ಎಂಬ ಮಾತು ಕಾಲೇಜುಗಳಲ್ಲಿ ಕೇಳಿಬಂತು. 2024ರಲ್ಲಿ ಸರ್ಕಾರ ಆ ವ್ಯವಸ್ಥೆ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅದಕ್ಕೂ ಮುಂಚಿನ ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರಕ್ಕೂ ಸಮ ಗೌರವವಿತ್ತು. ನೀತಿಗಳು ಬರುತ್ತವೆ, ಹೋಗುತ್ತವೆ. ಮಗುವಿಗೆ ಬೇಕಾದ ಜೋಡಿ ಅದರ ಹತ್ತಿರದ ಕಾಲೇಜಿನಲ್ಲಿ ಇದೆಯೇ ಇಲ್ಲವೇ ಎಂಬುದೇ ಕೊನೆಗೆ ಮುಖ್ಯವಾಗುತ್ತದೆ.

ಗಣಿತವನ್ನು ಜೊತೆಗಿಟ್ಟುಕೊಂಡರೆ ಏನು ಸಿಗುತ್ತದೆ? ಅರ್ಥಶಾಸ್ತ್ರದ ಎಂ.ಎ.ಗೆ ಹೋದವರನ್ನು ಕೇಳಿ. ಮೊದಲ ತಿಂಗಳಲ್ಲೇ ಕಲನಶಾಸ್ತ್ರ, ಮ್ಯಾಟ್ರಿಕ್ಸ್ ಎದುರಾಗುತ್ತವೆ, ಗಣಿತ ಬಿಟ್ಟು ಬಂದವರು ಅಲ್ಲೇ ಕುಸಿಯುತ್ತಾರೆ. ಇಂದು ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆಯ ಒಳಗೆ ಇರುವುದು ರೇಖೀಯ ಬೀಜಗಣಿತ ಮತ್ತು ಸಂಭವನೀಯತೆ. ಕೋಡಿಂಗ್ ಮಾತ್ರ ಕಲಿತವರು ಯಂತ್ರ ನಡೆಸುತ್ತಾರೆ, ಅದು ಯಾಕೆ ತಪ್ಪಿತು ಎಂದು ಹೇಳಲಾರರು. ಪ್ರೌಢಶಾಲೆಯ ಗಣಿತ ಶಿಕ್ಷಕರಾಗಲು ಬಿ.ಎಡ್. ಜೊತೆಗೆ ಪದವಿಯಲ್ಲಿ ಗಣಿತ ಓದಿರಲೇಬೇಕು. ಇನ್ನೊಂದು ಸಂಗತಿ ನಮ್ಮವರಿಗೇ ಗೊತ್ತಿಲ್ಲ. ಕೆಂಗೇರಿಗೆ ಹೋಗುವ ಮೈಸೂರು ರಸ್ತೆಯ ಎಂಟನೆಯ ಮೈಲಿಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರವಿದೆ. ಗಣಿತಕ್ಕಾಗಿಯೇ ಮೀಸಲಾದ ಪದವಿ ಅಲ್ಲಿದೆ, ಪ್ರವೇಶ ಪರೀಕ್ಷೆ ಗೆದ್ದವರಿಗೆ ಶಿಷ್ಯವೇತನವೂ ಇದೆ. ದೇಶದ ಮೂಲೆಮೂಲೆಯ ಮಕ್ಕಳು ಅಲ್ಲಿಗೆ ಬರುತ್ತಾರೆ. ಅದರ ಮುಂದೆಯೇ ದಿನಾ ಬಸ್ಸಿನಲ್ಲಿ ಹೋಗುವ ನಮ್ಮ ಮಕ್ಕಳಿಗೆ ಅದು ಯಾವುದೋ ಸರ್ಕಾರಿ ಕಚೇರಿ!

ಕಷ್ಟವನ್ನು ಮುಚ್ಚಿಡುವುದು ಬೇಡ. ಪಿ.ಯು.ಸಿ. ಗಣಿತ ಬೇರೆ, ಪದವಿಯ ಗಣಿತ ಬೇರೆ. ಅಲ್ಲಿ ಸೂತ್ರಕ್ಕೆ ಸಂಖ್ಯೆ ಹಾಕಿದರೆ ಉತ್ತರ ಬರುತ್ತಿತ್ತು, ಇಲ್ಲಿ ಸೂತ್ರ ಏಕೆ ಸರಿ ಎಂದು ಸಾಧಿಸಬೇಕು. ವಾಸ್ತವ ವಿಶ್ಲೇಷಣೆ, ಸಮೂಹ ಸಿದ್ಧಾಂತ ಬಂದಾಗ ತೊಂಬತ್ತೈದು ಅಂಕದವರೂ ತತ್ತರಿಸುವುದನ್ನು ಕಂಡಿದ್ದೇನೆ. ದಿನಕ್ಕೆರಡು ಗಂಟೆ ಕಾಗದ ಹಿಡಿದು ಕೂರಲಾರದವರು, ಬಯೋಡೇಟಾದಲ್ಲಿ ಚೆನ್ನಾಗಿ ಕಾಣಲಿ ಎಂದು ಮಾತ್ರ ಬಯಸುವವರು ಇದಕ್ಕೆ ಕೈ ಹಾಕಬಾರದು. ಕಾಯಕವೆಂದು ಹಿಡಿದವರಿಗೆ ಮಾತ್ರ ಇದು ದಕ್ಕುತ್ತದೆ. ಪಿ.ಯು.ಸಿ.ಯಲ್ಲೇ ಗಣಿತ ಬಿಟ್ಟವರಿಗೆ ಪದವಿಯಲ್ಲಿ ಆ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ. ಆದ್ದರಿಂದ ಮನೆಯಲ್ಲಿ ಈ ಮಾತು ಎಸ್‌.ಎಸ್‌.ಎಲ್‌.ಸಿ. ಫಲಿತಾಂಶದ ದಿನವೇ ಆಗಬೇಕು.

ನಮ್ಮ ಸುಧಾರಣೆಯ ಚಳವಳಿಗೂ ಇದಕ್ಕೂ ಏನು ಸಂಬಂಧ ಎನ್ನಬಹುದು. ವಚನಗಳನ್ನು ಬಾಯಿಪಾಠ ಹೇಳುವವರೇ ಗೃಹಪ್ರವೇಶಕ್ಕೆ ರಾಹುಕಾಲ ನೋಡುತ್ತಾರೆ, ಅಡುಗೆಮನೆಯ ದಿಕ್ಕಿಗೆ ಗೋಡೆ ಒಡೆಯುತ್ತಾರೆ. ಗಣಿತ ಓದಿದವರೆಲ್ಲ ವಿಚಾರವಂತರಾಗುತ್ತಾರೆ ಎಂದು ನಾನು ಹೇಳಲಾರೆ, ಜಾತಕ ಗುಣಿಸುವ ಗಣಿತದ ಮೇಷ್ಟ್ರುಗಳನ್ನೂ ನೋಡಿದ್ದೇನೆ. ಆದರೆ ಗಣಿತದ ತರಗತಿಯಲ್ಲಿ ಒಂದು ಅಪರೂಪದ ಸ್ವಾತಂತ್ರ್ಯವಿದೆ. ಹದಿನೆಂಟರ ಹುಡುಗಿ ಎದ್ದು ನಿಂತು "ಸರ್, ಮೂರನೆಯ ಸಾಲು ತಪ್ಪು" ಎಂದರೆ, ಅದು ತಪ್ಪಾಗಿದ್ದರೆ ಮೇಷ್ಟ್ರು ಅಳಿಸಲೇಬೇಕು. ಹಿರಿತನ, ಜಾತಿ, ಪೀಠ ಯಾವುದೂ ಅಲ್ಲಿ ಸಾಕ್ಷಿಯಾಗದು. ಅನುಭವ ಮಂಟಪದ ವಾರಸುದಾರರು ನಾವೆಂದು ಹೇಳಿಕೊಳ್ಳುವಾಗ ಇಂಥ ಅಭ್ಯಾಸ ನಮ್ಮ ಮಕ್ಕಳಿಗೆ ಎಷ್ಟು ದೊರೆಯುತ್ತಿದೆ ಎಂದು ಕೇಳಿಕೊಳ್ಳಬೇಕಲ್ಲವೇ?

ಮಠಗಳ ವಿದ್ಯಾಸಂಸ್ಥೆಗಳಿಗೆ ನನ್ನದೊಂದು ಬಿನ್ನಹ. ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳ ಕಟ್ಟಡಗಳು ಎದ್ದಿವೆ, ಸಂತೋಷ. ಪದವಿ ಕಾಲೇಜಿನಲ್ಲಿ ಮಾತ್ರ "ಹತ್ತು ಜನಕ್ಕಾಗಿ ಗಣಿತದ ವಿಭಾಗ ನಡೆಸಲು ಆಗುವುದಿಲ್ಲ" ಎಂಬ ಮಾತು ಕೇಳುತ್ತೇನೆ. ಲೆಕ್ಕ ಸರಿಯೇ ಇರಬಹುದು, ದಾಸೋಹದ ಲೆಕ್ಕ ಹಾಗಲ್ಲ. ಒಬ್ಬರಿಂದ ಆಗದಿದ್ದರೆ ಕೂಡಿ ಮಾಡಬಹುದು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಒಂದಕ್ಕೊಂದು ತಾಗಿಕೊಂಡಿವೆ. ಮೂರು ಕಾಲೇಜುಗಳ ಹತ್ತು ಹತ್ತು ಮಕ್ಕಳು ಸೇರಿದರೆ ಮೂವತ್ತಾಗುತ್ತಾರೆ. ಕಷ್ಟದ ಪತ್ರಿಕೆಗಳ ಪಾಠವನ್ನು ಶನಿವಾರ ಒಂದೇ ಕಡೆ ನಡೆಸಲಿ. ನಿವೃತ್ತರಾದ ನನ್ನಂಥವರು ಸಂಬಳವಿಲ್ಲದೆ ಬರುತ್ತೇವೆ, ಮಧ್ಯಾಹ್ನದ ಪ್ರಸಾದ ಕೊಟ್ಟರೆ ಸಾಕು. ಮುಂದಿನ ವರ್ಷದ ಪ್ರಾಸ್ಪೆಕ್ಟಸ್ ಅಚ್ಚಿಗೆ ಹೋಗುವ ಮೊದಲು ಅರ್ಥಶಾಸ್ತ್ರ, ಕಂಪ್ಯೂಟರ್ ವಿಜ್ಞಾನ ಎಂಬ ಹೆಸರುಗಳ ಪಕ್ಕದಲ್ಲಿ ಗಣಿತ ಎಂಬ ಮೂರಕ್ಷರ ಇದೆಯೇ ಎಂದು ಆಡಳಿತ ಮಂಡಳಿಯವರು ಒಮ್ಮೆ ನೋಡಲಿ.