ಕಣ್ಣು ಹಳದಿ ಆಗೋವರೆಗೂ ಕಾಯಬೇಕಾ?

ಕಾಮಾಲೆ ಅಂದ್ರೆ ಹಳದಿ ಕಣ್ಣು, ನಾಟಿ ಔಷಧಿ, ಪಥ್ಯ. ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋದು ಇಷ್ಟೇ. ಆದರೆ ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ಯಾವ ಲಕ್ಷಣವೂ ಇಲ್ಲದೆ ವರ್ಷಗಟ್ಟಲೆ ಲಿವರ್‌ನಲ್ಲಿ ಕೂತಿರಬಲ್ಲವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನರಿಗೆ ಬಿ, 55 ಲಕ್ಷ ಜನರಿಗೆ ಸಿ ಸೋಂಕಿತ್ತು.

ಇವರಲ್ಲಿ ಎಷ್ಟೋ ಜನ ಜ್ವರ, ಮೈಕೈ ನೋವು ಅಂತ ಓಪಿಡಿಗೆ ಬಂದು ಮಾತ್ರೆ ತಗೊಂಡು ಹೋಗ್ತಾರೆ. ಸೋಂಕು ಗೊತ್ತಾಗೋದು ಆಪರೇಷನ್‌ಗೆ ಮುಂಚೆಯೋ, ರಕ್ತದಾನ ಮಾಡಿದಾಗಲೋ. ಓಪಿಡಿಗೆ ಬರೋ ಪ್ರತಿ ವಯಸ್ಕರಿಗೂ ಒಂದು ಸಲ ಈ ಪರೀಕ್ಷೆ ಮಾಡಲೇಬೇಕು ಅನ್ನೋದು ನಮ್ಮ ವಾದ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ. ಸಿ ಸೋಂಕು ಬಹುತೇಕರಲ್ಲಿ ಮೂರು ತಿಂಗಳ ಮಾತ್ರೆಯಲ್ಲೇ ವಾಸಿಯಾಗುತ್ತೆ.

ಬಿ ಸೋಂಕಿಗೆ ಲಸಿಕೆ ಇದೆ. ಆದರೆ ಸರ್ಕಾರದ ಉಚಿತ ಲಸಿಕೆ ದೇಶದ ಎಲ್ಲ ಮಕ್ಕಳಿಗೂ ವಿಸ್ತರಣೆಯಾಗಿದ್ದು 2011ರ ಹೊತ್ತಿಗೆ. ನಾವು ಅದಕ್ಕೂ ಮುಂಚೆ ಹುಟ್ಟಿದವರು! ಮನೆಗೆ ಫೋನ್ ಮಾಡಿ ಲಸಿಕೆ ಕಾರ್ಡ್ ಹುಡುಕಿಸೋಣ. ಹಾಕಿಸಿಲ್ಲ ಅಂದ್ರೆ ಈಗಲೂ ಹಾಕಿಸಬಹುದು.

ಇನ್ನೊಂದು ಮಾತು: ಈ ಎರಡೂ ಸೋಂಕು ಜೊತೆಯಲ್ಲಿ ಊಟ ಮಾಡಿದ್ರೆ ಹರಡಲ್ಲ, ರೇಜರ್ ಹಂಚಿಕೊಂಡ್ರೆ ಹರಡಬಹುದು. ಹಾಸ್ಟೆಲ್‌ನಲ್ಲಿ ದೂರ ಇಡಬೇಕಾಗಿರೋದು ರೂಮ್‌ಮೇಟನ್ನಲ್ಲ, ಅವನ ರೇಜರನ್ನು.