ಕೊಳೆತ ನಾತದ ಕಣವೂ ಕ್ಯಾನ್ಸರ್ ತಡೆಯೂ

ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ 1678ರಲ್ಲಿ ತಾನೇ ಉಜ್ಜಿ ತಯಾರಿಸಿದ ಮಸೂರದಡಿ, ಕೆಲ ದಿನ ಹಾಗೇ ಬಿಟ್ಟಿದ್ದ ವೀರ್ಯದಲ್ಲಿ ಹರಳುಗಳು ಮೂಡಿದ್ದನ್ನು ಕಂಡ. ಅವುಗಳಲ್ಲಿದ್ದ ವಸ್ತು ಸ್ಪರ್ಮೀನ್. ಅದರ ರಚನೆ ತಿಳಿಯಲು 1920ರ ದಶಕದವರೆಗೆ ಕಾಯಬೇಕಾಯಿತು. ಸ್ಪರ್ಮೀನ್, ಸ್ಪರ್ಮಿಡೀನ್, ಪ್ಯುಟ್ರೆಸೀನ್ - ಈ ಮೂರೂ ಪಾಲಿಅಮೀನ್ ಗುಂಪಿಗೆ ಸೇರಿದವು. ಕೊಳೆತ ಮಾಂಸದ ನಾತಕ್ಕೆ ಕೊನೆಯದೂ ಒಂದು ಕಾರಣ.

ನಾತವಿದ್ದರೇನು, ಇವಿಲ್ಲದೆ ನಮ್ಮ ಜೀವಕೋಶಗಳು ಸರಿಯಾಗಿ ಬೆಳೆದು ಇಬ್ಭಾಗವಾಗವು. ಆರ್ನಿಥೀನ್ ಎಂಬ ಅಮೈನೋ ಆಮ್ಲದಿಂದ ಪ್ಯುಟ್ರೆಸೀನನ್ನು ತಯಾರಿಸುವ ಕಿಣ್ವವೊಂದು ಕೋಶದಲ್ಲಿದೆ. ಸಾಮಾನ್ಯವಾಗಿ ಅದರ ಆಯುಷ್ಯ ನಿಮಿಷಗಳ ಲೆಕ್ಕದ್ದು. ಕೆಲಸ ಮುಗಿಯುತ್ತಲೇ ಕೋಶವೇ ಅದನ್ನು ನಾಶಮಾಡುತ್ತದೆ. ಅನೇಕ ಕ್ಯಾನ್ಸರ್‌ಗಳಲ್ಲಿ ಈ ಹಿಡಿತ ತಪ್ಪುತ್ತದೆ. ಕ್ಯಾನ್ಸರ್ ರೋಗಿಗಳ ಮೂತ್ರದಲ್ಲಿ ಪಾಲಿಅಮೀನ್ ಹೆಚ್ಚಿರುವುದನ್ನು ಡಯೇನ್ ರಸೆಲ್ 1971ರಲ್ಲೇ ತೋರಿಸಿದ್ದರು.

ಹಾಗಾದರೆ ಆ ಕಿಣ್ವವನ್ನೇ ಕಟ್ಟಿಹಾಕಬಾರದೇಕೆ? 1970ರ ದಶಕದ ಕೊನೆಗೆ ಸಿದ್ಧವಾದ ಎಫ್ಲಾರ್ನಿಥೀನ್ ಮಾಡುವುದು ಅದನ್ನೇ. ಅದು ಇಲಿಬೋನಿನ ಕೊಬ್ಬರಿ ಚೂರಿದ್ದಂತೆ. ಆರ್ನಿಥೀನ್ ಎಂದೇ ಬಗೆದು ಕಿಣ್ವ ಬಾಯಿ ಹಾಕುತ್ತದೆ, ಸಿಕ್ಕಿಬೀಳುತ್ತದೆ. ಆದರೆ ಬೆಳೆದ ಗಡ್ಡೆಗಳು ಇದಕ್ಕೆ ಅಷ್ಟಾಗಿ ಕರಗಲಿಲ್ಲ. ಒಳಗೆ ತಯಾರಿಕೆ ನಿಂತರೆ, ಆಹಾರದಿಂದಲೂ ಕರುಳಿನ ಬ್ಯಾಕ್ಟೀರಿಯಾಗಳಿಂದಲೂ ಬರುವ ಪಾಲಿಅಮೀನನ್ನು ಕೋಶ ಹೊರಗಿನಿಂದ ಹೀರಿಕೊಳ್ಳುತ್ತದೆ! (ಹಾಗೆಂದು ಸೋಯಾ, ಅಣಬೆ ಬಿಡಬೇಕಾಗಿಲ್ಲ.)

ಕ್ಯಾನ್ಸರ್‌ನಲ್ಲಿ ಸೋತ ಮದ್ದು ಆಫ್ರಿಕಾದ ನಿದ್ರಾರೋಗದಲ್ಲಿ ಗೆದ್ದಿತು. ಅಮೆರಿಕ 1990ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಬಡವರ ರೋಗ, ಲಾಭವಿಲ್ಲ, ತಯಾರಿಕೆ ನಿಂತೇಹೋಯಿತು. 2000ರಲ್ಲಿ ಅದೇ ವಸ್ತು ಹೆಂಗಸರ ಮುಖದ ಬೇಡದ ಕೂದಲನ್ನು ತಗ್ಗಿಸುವ ಮುಲಾಮಾಗಿ ಬಂತು. ನಿದ್ರಾರೋಗಿಗಳಿಗೆ ಮತ್ತೆ ಅದು ಸಿಗುವಂತಾಗಲು 2001ರ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಂದ ಬೇಕಾಯಿತು.

ಈ ನಡುವೆ ವಿಜ್ಞಾನಿಗಳು ಪ್ರಶ್ನೆಯನ್ನೇ ಬದಲಿಸಿದ್ದರು. ಗಡ್ಡೆಯನ್ನು ಕರಗಿಸದಿದ್ದರೆ ಬೇಡ, ಹುಟ್ಟದಂತೆ ತಡೆದೀತೆ? ದೊಡ್ಡ ಕರುಳಿನಲ್ಲಿ ಮೂಡುವ ಪಾಲಿಪ್ ಎಂಬ ಮೊಳಕೆಗಳನ್ನು ತೆಗೆಸಿಕೊಂಡಿದ್ದ 375 ಜನರ ಮೇಲೆ ನಡೆದ ಪರೀಕ್ಷೆಯೊಂದರ ಫಲಿತಾಂಶ 2008ರಲ್ಲಿ ಹೊರಬಿತ್ತು. ಕೆಲವರಿಗೆ ಎಫ್ಲಾರ್ನಿಥೀನ್ ಜೊತೆಗೆ ಉರಿಯೂತ ತಗ್ಗಿಸುವ ಸುಲಿಂಡಾಕ್, ಉಳಿದವರಿಗೆ ಹುಸಿಗುಳಿಗೆ. ಮೂರು ವರ್ಷಗಳಲ್ಲಿ ಹುಸಿಗುಳಿಗೆಯವರಲ್ಲಿ ಶೇಕಡಾ 41 ಮಂದಿಗೆ ಪಾಲಿಪ್ ಮರುಕಳಿಸಿತು. ಮದ್ದು ತಿಂದವರಲ್ಲಿ ಶೇಕಡಾ 12 ಮಂದಿಗೆ ಮಾತ್ರ. ಆದರೆ ವಂಶಪಾರಂಪರ್ಯವಾಗಿ ಪಾಲಿಪ್ ಬರುವವರಲ್ಲಿ ಈ ಜೋಡಿ ಒಂಟಿ ಮದ್ದಿಗಿಂತ ಖಚಿತವಾಗಿ ಮೇಲೆಂದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸಿದ್ಧವಾಗಲಿಲ್ಲ.

2023ರ ಡಿಸೆಂಬರ್‌ನಲ್ಲಿ ಅಮೆರಿಕ ಇದೇ ಮದ್ದನ್ನು ಮಕ್ಕಳ ನ್ಯೂರೋಬ್ಲಾಸ್ಟೋಮಾ ಎಂಬ ನರಕೋಶಗಳ ಕ್ಯಾನ್ಸರ್‌ಗೆ ಒಪ್ಪಿತು. ಚಿಕಿತ್ಸೆಗೆ ಮಣಿದ ರೋಗ ಮರಳಬಾರದೆಂದು ಎರಡು ವರ್ಷದವರೆಗೆ ಗುಳಿಗೆ. ಹುಸಿಗುಳಿಗೆಯ ಗುಂಪು ಈ ಪರೀಕ್ಷೆಯಲ್ಲಿರಲಿಲ್ಲ. ಹಿಂದಿನ ಪರೀಕ್ಷೆಯೊಂದರ ರೋಗಿಗಳೊಡನೆ ಹೋಲಿಸಿ ನೋಡಿದ್ದರು. ಕಿವಿ ಮಂದವಾಗುವ ಸಾಧ್ಯತೆ ಇರುವುದರಿಂದ, ಗುಳಿಗೆ ನುಂಗುವ ಮಕ್ಕಳ ಶ್ರವಣಶಕ್ತಿಯನ್ನು ಆಗಾಗ ಪರೀಕ್ಷಿಸುತ್ತಿರಬೇಕು.