ಚಪ್ಪಾಳೆ ಸಾಕು, ಪದ ಕೊಡೋಣ

ಕಳೆದ ನವೆಂಬರಿನಲ್ಲಿ ನಮ್ಮ ಬಳಗದ ರಾಜ್ಯೋತ್ಸವದ ಆಮಂತ್ರಣ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ ಅದು ರೋಮನ್ ಲಿಪಿಯಲ್ಲಿತ್ತು. ಕನ್ನಡದ ಅಳಿವು ಉಳಿವಿನ ಕುರಿತ ಉಪನ್ಯಾಸಕ್ಕೆ ಕರೆಯುವ ಓಲೆಯೇ ಕನ್ನಡ ಅಕ್ಷರವನ್ನು ಕಂಡಿರಲಿಲ್ಲ. ಕಾರಣ ಕೇಳಿದ್ದಕ್ಕೆ ಕಾರ್ಯದರ್ಶಿಗಳು ಸಂಕೋಚದಿಂದಲೇ ಹೇಳಿದರು: “ಫೋನಿನಲ್ಲಿ ಕನ್ನಡ ಸರಿಯಾಗಿ ಬರೋದಿಲ್ಲ ಸಾರ್. ನಾವೊಂದು ಬರೆದರೆ ಅದೊಂದು ತಿದ್ದುತ್ತೆ.”

ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಸರಿಯಾಗಿ ಬಾರದ ಕನ್ನಡವನ್ನು ಸರಿಪಡಿಸಬೇಕಾದವರು ಯಾರು ಎಂಬ ಪ್ರಶ್ನೆಯನ್ನು ನಾವು ಹೊರನಾಡ ಕನ್ನಡಿಗರು ಎಂದೂ ನಮ್ಮ ಬಾಗಿಲಿಗೆ ಬರಗೊಟ್ಟಿಲ್ಲ. ಸರ್ಕಾರ ಮಾಡಬೇಕು, ಕಂಪನಿಗಳು ಮಾಡಬೇಕು, ಬೆಂಗಳೂರಿನ ಇಂಜಿನಿಯರುಗಳು ಮಾಡಬೇಕು ಎನ್ನುತ್ತೇವೆ. ನಾವು? ನಾವು ಸಾಹಿತ್ಯದವರು, ಕೊನೆಯಲ್ಲಿ ಚಪ್ಪಾಳೆ ತಟ್ಟುತ್ತೇವೆ.

ಈ ಬರಹದ ತಕರಾರು ಇಷ್ಟೇ. ಫೋನಿನ ಕನ್ನಡ ಕೀಲಿಮಣೆಗೆ ಇಂದು ಕೊರತೆಯಿರುವುದು ಕೋಡ್ ಬರೆಯುವವರದಲ್ಲ, ಕನ್ನಡ ಬಲ್ಲವರದು. ಆ ಕೊರತೆಯನ್ನು ತುಂಬುವ ಬಾಗಿಲು ತೆರೆದೇ ಇದೆ. ಒಳಗೆ ಹೋಗದವರು ನಾವು.

ಒಂದು ಕಾಲಕ್ಕೆ ನಮ್ಮ ಜಗಳವೆಲ್ಲ ಯಾವ ಕೀಲಿಯಲ್ಲಿ ಯಾವ ಅಕ್ಷರ ಇರಬೇಕು ಎಂಬುದರ ಮೇಲಿತ್ತು. ಕೆ. ಪಿ. ರಾಯರ ವಿನ್ಯಾಸ ಆ ಪ್ರಶ್ನೆಗೆ ಒಂದು ಉತ್ತರ ಕೊಟ್ಟಿತು. ಕರ್ನಾಟಕ ಸರ್ಕಾರ ಅದನ್ನು ಒಪ್ಪಿಕೊಂಡಿತು. ಕೇಂದ್ರದ ಇನ್‌ಸ್ಕ್ರಿಪ್ಟ್ ಇನ್ನೊಂದು ಉತ್ತರ ಕೊಟ್ಟಿತು. ನಮ್ಮಂಥ ಕೇಂದ್ರ ಸರ್ಕಾರಿ ನೌಕರರಿಗೆ ಕಚೇರಿಯಲ್ಲಿ ಹಿಂದಿ ಟೈಪಿಂಗ್ ತರಬೇತಿ ಆದಾಗ ಒಂದು ಸೋಜಿಗ ತಿಳಿಯಿತು: ಇನ್‌ಸ್ಕ್ರಿಪ್ಟಿನಲ್ಲಿ ಹಿಂದಿಯ ‘ಕ’ ಇರುವ ಕೀಲಿಯಲ್ಲೇ ಕನ್ನಡದ ‘ಕ’ ಕೂಡ ಇದೆ. ಹಿಂದಿಗೆಂದು ಪಳಗಿಸಿದ ಬೆರಳು ಕನ್ನಡಕ್ಕೂ ಒದಗುತ್ತದೆ. ಆದರೂ ಮನೆಗೆ ಬಂದು ಅಮ್ಮನಿಗೆ ರೋಮನ್ನಿನಲ್ಲೇ ಸಂದೇಶ ಕಳಿಸಿದವರು ನಾವು.

ಫೋನು ಬಂದ ಮೇಲೆ ಪ್ರಶ್ನೆ ಬದಲಾಯಿತು. ಬೆರಳು ಎರಡು ಅಕ್ಷರ ಒತ್ತುವಷ್ಟರಲ್ಲಿ ಕೀಲಿಮಣೆ ಮುಂದಿನ ಪದವನ್ನು ಸೂಚಿಸುತ್ತದೆ, ತಪ್ಪೆಂದು ತನಗೆ ತೋರಿದ್ದನ್ನು ತಿದ್ದುತ್ತದೆ. ಅಂದರೆ ಅದರ ಹೊಟ್ಟೆಯಲ್ಲಿ ಒಂದು ಪದಪಟ್ಟಿ ಇದೆ. ಕಿಟೆಲ್ಲರ 1894ರ ನಿಘಂಟಾಗಲಿ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಾಗಲಿ ನಮ್ಮ ಮಕ್ಕಳ ಕೈಗೆ ದಿನವೂ ಬರುವುದಿಲ್ಲ. ಈ ಪಟ್ಟಿ ಬರುತ್ತದೆ. ಯಾವ ಪದ ಅದರಲ್ಲಿಲ್ಲವೋ ಅದರ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಹತ್ತು ಸಲ ಕೆಂಪು ಗೆರೆ ಕಂಡ ಮಗು ಹನ್ನೊಂದನೆಯ ಸಲ ಆ ಪದವನ್ನು ಬರೆಯುವುದಿಲ್ಲ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಸೊಲ್ಲಾಪುರದಲ್ಲಿ ಪಾಠ ಹೇಳಿದ ಬೇಂದ್ರೆಯವರ ಹೆಸರೆತ್ತಿ ನಾವು ಇಲ್ಲಿ ಎದೆ ಉಬ್ಬಿಸುತ್ತೇವೆ. ಆದರೆ ಅವರ ಧಾರವಾಡದ ‘ಛಲೋ’, ‘ಬ್ಯಾಸರ’, ‘ಬರಾಕತ್ತಾನ’ ನಮ್ಮ ಮಕ್ಕಳ ಫೋನಿನಲ್ಲಿ ತಪ್ಪು ಕನ್ನಡವಾಗಿ ನಿಂತಿದ್ದರೆ ಅದು ನಮ್ಮ ಚಿಂತೆಯಲ್ಲ.

ಮುಕ್ತ ತಂತ್ರಾಂಶ ಬೇಕಾಗುವುದು ಇಲ್ಲಿ. ಆಂಡ್ರಾಯ್ಡಿನ ಮೂಲ ಕೀಲಿಮಣೆಯ ಆಕರ ಸಂಕೇತ ಎಲ್ಲರಿಗೂ ತೆರೆದಿದೆ. ಅದರ ಬುಡದಿಂದ ಚಿಗುರಿದ ಕೀಲಿಮಣೆಗಳು ಹಲವು. ಹೆಲಿಬೋರ್ಡ್ ಅವುಗಳಲ್ಲಿ ಒಂದು. ಅಂತರ್ಜಾಲದ ಅನುಮತಿಯನ್ನೇ ಕೇಳದ ಕೀಲಿಮಣೆ ಅದು. ನಾವು ಒತ್ತುವ ಪಾಸ್‌ವರ್ಡು, ಬರೆಯುವ ಪ್ರೇಮಪತ್ರ, ಬ್ಯಾಂಕಿನ ಸಂಖ್ಯೆ ಎಲ್ಲವೂ ಕೀಲಿಮಣೆಯ ಮೂಲಕವೇ ಹಾದುಹೋಗುತ್ತವೆ ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ. ಇಂಡಿಕ್ ಕೀಬೋರ್ಡ್ ಇನ್ನೊಂದು. ಅದು ಬೆಳೆದದ್ದು 2002ರಲ್ಲಿ ಹುಟ್ಟಿದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸ್ವಯಂಸೇವಕರ ಬಳಗದಲ್ಲಿ. ಅದರಲ್ಲಿ ಕನ್ನಡಕ್ಕೂ ಸ್ಥಳವಿದೆ. ಮಲಯಾಳಿಗಳು ತಮ್ಮ ಭಾಷೆಗೆಂದು ಮನೆ ಕಟ್ಟಿ ನಮಗೂ ಒಂದು ಕೋಣೆ ಬಿಟ್ಟುಕೊಟ್ಟರು. ಆ ಕೋಣೆಯ ಕಸ ಗುಡಿಸಲಿಕ್ಕೂ ನಾವು ಹೋಗಿಲ್ಲ.

“ನಮಗೆ ಕೋಡ್ ಬರುವುದಿಲ್ಲ” ಎಂಬ ಮಾತು ಈಗ ಬಂದೇ ಬರುತ್ತದೆ. ಬರಬೇಕಾಗಿಯೂ ಇಲ್ಲ. ಇಂಥ ಕೀಲಿಮಣೆಯ ಪದಪಟ್ಟಿ ಒಂದು ಸಾದಾ ಪಠ್ಯ ಕಡತ: ಸಾಲಿಗೊಂದು ಪದ, ಅದರ ಪಕ್ಕ ಬಳಕೆ ಎಷ್ಟೆಂದು ಸೂಚಿಸುವ 0ಯಿಂದ 255ರವರೆಗಿನ ಒಂದು ಸಂಖ್ಯೆ. ಅದನ್ನು ಯಂತ್ರಕ್ಕೆ ತಕ್ಕಂತೆ ಮಾರ್ಪಡಿಸುವ ಕೆಲಸ ಮಾತ್ರ ತಂತ್ರಜ್ಞರದು. ಆ್ಯಪಿನ ಆಯ್ಕೆಗಳ ಹೆಸರುಗಳನ್ನು ಕನ್ನಡಕ್ಕೆ ತರುವುದಂತೂ ಅಚ್ಚ ಅನುವಾದದ ಕೆಲಸ. ವೆಬ್‌ಲೇಟಿನಂಥ ತಾಣದಲ್ಲಿ ಎಡಗಡೆ ಇಂಗ್ಲಿಷ್, ಬಲಗಡೆ ಖಾಲಿ ಜಾಗ.

ಈ ಕೆಲಸಕ್ಕೆ ಕನ್ನಡ ಓದಿದವರೇ ಬೇಕು, ಬರಿಯ ಯಂತ್ರ ಸಾಲದು. ಇಂಗ್ಲಿಷಿನ ‘ಹೌಸ್’ ಪದಕ್ಕೆ ಒಂದು ಬಹುವಚನ ಸೇರಿಸಿದರೆ ಬಹುಮಟ್ಟಿಗೆ ಮುಗಿಯಿತು. ಕನ್ನಡದ ‘ಮನೆ’ ಹಾಗಲ್ಲ: ಮನೆಗೆ, ಮನೆಯಲ್ಲಿ, ಮನೆಯಿಂದಲೇ, ಮನೆಯವರಿಗೂ, ಮನೆಗಳಲ್ಲೆಲ್ಲ. ಯಾವ ರೂಪ ನಾಲಿಗೆಯ ಮೇಲಿದೆ, ಯಾವುದು ವ್ಯಾಕರಣಕ್ಕಷ್ಟೇ ಸಾಧ್ಯ ಎಂದು ತೀರ್ಮಾನಿಸಲು ಕನ್ನಡದಲ್ಲಿ ಬದುಕಿದ ಕಿವಿ ಬೇಕು. ಸುದ್ದಿತಾಣಗಳಿಂದ ಬಾಚಿ ತಂದ ಪಟ್ಟಿಯಲ್ಲಿ ‘ಆರೋಪಿಯನ್ನು’ ಮೇಲಿರುತ್ತದೆ, ‘ಅತ್ತೆಮ್ಮನಿಗೆ’ ಇರುವುದೇ ಇಲ್ಲ.

ಇಂಗ್ಲಿಷ್ ಎಂ.ಎ. ಓದಿದ ನಮಗೆ ಇದು ಹೊಸತೆನಿಸಬಾರದಿತ್ತು. 1879ರಲ್ಲಿ ಜೇಮ್ಸ್ ಮರ್‍ರೆ ಇಂಗ್ಲಿಷ್ ಓದುವ ಸಾಮಾನ್ಯರಿಗೆ ಒಂದು ಮನವಿ ಹೊರಡಿಸಿದರು: ಪುಸ್ತಕ ಓದಿ, ಪದ ಎಲ್ಲಿ ಹೇಗೆ ಬಳಕೆಯಾಗಿದೆ ಎಂದು ಚೀಟಿಯಲ್ಲಿ ಬರೆದು ಕಳಿಸಿ. ಲಕ್ಷಾಂತರ ಚೀಟಿಗಳು ಬಂದವು. 1928ರಲ್ಲಿ ಮುಗಿದ ಆಕ್ಸ್‌ಫರ್ಡ್ ನಿಘಂಟು ಆ ಓದುಗರ ಬೆನ್ನ ಮೇಲೆ ನಿಂತಿದೆ. ಆ ಕಥೆಯನ್ನು ನಾವು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದೆವು. ನಮ್ಮ ಭಾಷೆ ಅದೇ ಚೀಟಿ ಕೇಳಿದಾಗ ಸುಮ್ಮನಿದ್ದೇವೆ.

ದೊಡ್ಡ ಕಂಪನಿಗಳ ಕೀಲಿಮಣೆಗಳು ಚೆನ್ನಾಗಿಯೇ ಇವೆಯಲ್ಲ ಎನ್ನುವವರುಂಟು. ಇವೆ, ನಾವೂ ಬಳಸಿದ್ದೇವೆ. ಆದರೆ ಅವುಗಳ ಪಟ್ಟಿಯನ್ನು ನಾವು ತೆರೆದು ನೋಡುವಂತಿಲ್ಲ, ತಿದ್ದುವಂತಿಲ್ಲ. ಲಾಭವಿಲ್ಲವೆಂದು ನಾಳೆ ಕೈಬಿಟ್ಟರೆ ಎತ್ತಿಕೊಳ್ಳುವಂತೆಯೂ ಇಲ್ಲ. ಸರ್ಕಾರ ಮಾಡಲಿ ಎನ್ನುವವರಿಗೆ, ಇಪ್ಪತ್ತು ವರ್ಷ ಕಡತಗಳ ನಡುವೆ ಕಳೆದವರಾಗಿ ನಮ್ಮದೊಂದು ಮಾತು: ಟೆಂಡರು ಕರೆಯಬಹುದಾದ್ದನ್ನು ಸರ್ಕಾರ ಮಾಡೀತು, ‘ಅತ್ತೆಮ್ಮನಿಗೆ’ ಎಂಬ ಪದಕ್ಕೆ ಟೆಂಡರು ಕರೆಯಲಾಗದು. ಪುಕ್ಕಟೆ ದುಡಿಮೆಯಿಂದ ಕೊನೆಗೆ ಕಂಪನಿಗಳಿಗೂ ಲಾಭವಲ್ಲವೇ ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಮುಕ್ತವಾಗಿ ಕೊಟ್ಟದ್ದನ್ನು ಅವರೂ ಬಳಸಿಕೊಳ್ಳಬಹುದು. ಆದರೆ ಬಾವಿ ತೋಡಿದರೆ ಊರ ಸಾಹುಕಾರನೂ ನೀರು ಸೇದುತ್ತಾನೆಂದು ಊರೆಲ್ಲ ಬಾಯಾರಿ ಕೂರಬೇಕೆ?

ಉಪದೇಶ ಮಾಡುವ ಮೊದಲು ನಮ್ಮ ಕಥೆಯನ್ನೂ ಹೇಳಬೇಕು. ಬಳಗದ ನಾಲ್ಕು ಮಂದಿ ಕೂಡಿ ಒಂದು ಮುಕ್ತ ಕೀಲಿಮಣೆಗೆ ಒಂದು ತಿದ್ದುಪಡಿ ಕಳಿಸಿದೆವು. ಅದರ ಕನ್ನಡ ವಿನ್ಯಾಸದಲ್ಲಿ ಅಕ್ಷರಗಳನ್ನು ಬಿಡಿಸಿ ನಿಲ್ಲಿಸುವ ಚಿಹ್ನೆಗೆ ಕೀಲಿಯೇ ಇರಲಿಲ್ಲ. ಕಣ್ಣಿಗೆ ಕಾಣದ ಚಿಹ್ನೆ ಅದು. ಅದಿಲ್ಲದೆ ‘ರಾಜ್‌ಕುಮಾರ್’ ಎಂದು ಬರೆಯಹೋದರೆ ‘ರಾಜ್ಕುಮಾರ್’ ಆಗುತ್ತದೆ, ಜ ಅಕ್ಷರದ ಕಾಲಿಗೆ ಕ ಒತ್ತು ಜೋತುಬೀಳುತ್ತದೆ. ಅಣ್ಣಾವ್ರ ಹೆಸರನ್ನೇ ಸರಿಯಾಗಿ ಬರೆಯಲಾಗದ ಕನ್ನಡ ಕೀಲಿಮಣೆ!

ಆ ಯೋಜನೆಯ ನಿರ್ವಾಹಕರಿಗೆ ಕನ್ನಡ ಬಾರದು. ಅವರು ಬಹಳ ಸೌಜನ್ಯದಿಂದ ಉತ್ತರಿಸಿದರು: ನಿಮ್ಮ ತಿದ್ದುಪಡಿ ಸರಿಯಿರುವಂತಿದೆ, ನಿಮ್ಮ ತಂಡದವರಲ್ಲದ ಇನ್ನೊಬ್ಬ ಕನ್ನಡ ಓದುಗರು ಪರೀಕ್ಷಿಸಿ ಹೌದೆಂದರೆ ಸೇರಿಸುತ್ತೇವೆ. ಕೇಳಿದ್ದು ನ್ಯಾಯವಾಗಿಯೇ ಇತ್ತು. ಇನ್ನೊಬ್ಬ ಕನ್ನಡಿಗ! ಇನ್ನೂರಕ್ಕೂ ಹೆಚ್ಚು ಸದಸ್ಯರಿರುವ ನಮ್ಮ ಗುಂಪಿನಲ್ಲಿ ಕೊಂಡಿ ಹಾಕಿ ವಿನಂತಿಸಿದೆವು. ಕೈಮುಗಿದ ಚಿತ್ರಗಳು ಬಂದವು, ಹೆಬ್ಬೆರಳುಗಳು ಬಂದವು, ಹಳದಿ ಕೆಂಪು ಬಾವುಟಗಳು ಬಂದವು. “ಒಳ್ಳೆಯ ಕೆಲಸ, ಕನ್ನಡಾಂಬೆ ನಿಮ್ಮನ್ನು ಹರಸಲಿ” ಎಂದು ಹಿರಿಯರೊಬ್ಬರು ರೋಮನ್ ಲಿಪಿಯಲ್ಲಿ ಬರೆದರು. ಕೊಂಡಿಯನ್ನು ತೆರೆದು, ಕೀಲಿ ಒತ್ತಿ ನೋಡಿ, ‘ಸರಿಯಿದೆ’ ಎಂದು ಅಲ್ಲಿ ಬರೆದವರು ಒಬ್ಬರೂ ಇಲ್ಲ. ತಿಂಗಳುಗಳು ಕಳೆದವು.

ಅವರನ್ನು ಹಳಿದು ನಾವು ಪಾರಾಗುವಂತಿಲ್ಲ. ಅದೇ ತಾಣದಲ್ಲಿ ಬೇರೊಬ್ಬ ಕನ್ನಡಿಗರು ನಮಗಿಂತ ಮೊದಲೇ ಕಳಿಸಿದ ಸಲಹೆಯೊಂದು ಎರಡನೆಯ ದನಿಗಾಗಿ ಕಾಯುತ್ತಿತ್ತು. ನಮ್ಮದನ್ನು ಕಳಿಸುವ ಆತುರದಲ್ಲಿ ನಾವು ಅದನ್ನು ದಾಟಿ ಹೋಗಿದ್ದೆವು. ಅದು ಕಣ್ಣಿಗೆ ಬಿದ್ದದ್ದು, ನಮ್ಮ ತಿದ್ದುಪಡಿಯೂ ಅಲ್ಲೇ ಧೂಳು ಹಿಡಿದ ಮೇಲೆ.

ಆದ್ದರಿಂದ ನಮ್ಮ ಬೇಡಿಕೆ ಸಣ್ಣದು. ಮುಂದಿನ ತಿಂಗಳ ಸಭೆಯಲ್ಲಿ ಒಂದು ಭಾಷಣ ಕಡಿಮೆಯಾಗಲಿ. ಆ ಒಂದು ಗಂಟೆಯಲ್ಲಿ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಆಡುವ, ಫೋನು ಅರಿಯದ ಐವತ್ತು ಪದಗಳನ್ನು ಬರೆದುಕೊಡಲಿ. ಹಕ್ಕುಸ್ವಾಮ್ಯವಿರುವ ನಿಘಂಟಿನಿಂದ ಎತ್ತಿದ್ದು ಬೇಡ, ಸ್ವಂತ ನಾಲಿಗೆಯದು ಸಾಕು. ಹುಬ್ಬಳ್ಳಿಯವರು ಹುಬ್ಬಳ್ಳಿಯದನ್ನು ಕೊಡಲಿ, ಕುಂದಾಪುರದವರು ಕುಂದಾಪುರದ್ದನ್ನು, ಬೀದರಿನವರು ಬೀದರಿನದನ್ನು. ಬೇರೆಬೇರೆ ಊರಿನ ಕನ್ನಡ ಒಂದೇ ಚಾಪೆಯ ಮೇಲೆ ಕೂರುವುದು ನಮ್ಮಂಥ ಹೊರನಾಡಿನ ಬಳಗದಲ್ಲೇ. ಆ ಸಂಪತ್ತು ಬೆಂಗಳೂರಿನ ಯಾವ ಕಂಪನಿಯ ಬಳಿಯೂ ಇಲ್ಲ.

ಪದ ಕೊಡಲು ಪುರುಸೊತ್ತಿಲ್ಲದವರು ಕಾದು ಕುಳಿತಿರುವ ಆ ಎರಡು ತಿದ್ದುಪಡಿಗಳ ಕೆಳಗೆ ಒಂದು ಸಾಲು ಬರೆಯಲಿ. ‘ನಾನು ಕನ್ನಡ ಬಲ್ಲೆ, ನೋಡಿದ್ದೇನೆ, ಸರಿಯಿದೆ’ ಎಂದರೆ ಸಾಕು. ನಮಗಿಂತ ಮೊದಲು ಬಂದವರ ಸಲಹೆಯ ಕೆಳಗೆ ಆ ಸಾಲನ್ನು ನಾವು ನಿನ್ನೆ ಬರೆದೆವು. ನಮ್ಮದರ ಕೆಳಗಿನ ಜಾಗ ಇನ್ನೂ ಖಾಲಿ ಇದೆ.